ಅಟ್ಟದಿಂದ ಇಳಿದ ಅಂಟುಚಕ್ರ

ಮಾರ್ಚ್ 3, ಸೋಮವಾರ

ಇವತ್ತು ಉಪವಾಸ, ನೀರು ಮಾತ್ರ. ಎದ್ದವಳೇ ಮೆಟ್ಟಿಲು ಗುಡಿಸಿದೆ, ಬಚ್ಚಲು ತಿಕ್ಕಿದೆ, ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ಇವರನ್ನು ಎಬ್ಬಿಸಿ ಮುಖ ಒರೆಸಿ ಹಾಲು ಕುಡಿಸಿದೆ. ಅರ್ಧ ಒಳಗೆ ಹೋಯಿತು, ಅರ್ಧ ಕೊರಳಿಗೆ ಕಟ್ಟಿದ ಬಟ್ಟೆಗೆ ಹೋಯಿತು. ಲಕ್ವ ಹೊಡೆದು ಒಂದು ಚಳಿಗಾಲ ಕಳೆಯಿತು. ಬಲಗೈ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಎಡಗೈ ಮಾತ್ರ ಸುಮ್ಮನಿರುವುದಿಲ್ಲ. ಹೊದಿಕೆಯ ಅಂಚನ್ನು ತಿರುವುತ್ತಲೇ ಇರುತ್ತದೆ, ಕೆಳಗೆ ಸೈಕಲ್ ಅಂಗಡಿಯಲ್ಲಿ ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದ ಹಾಗೆಯೇ.

ಬಾಯಿಂದ ಬರುವುದು ನಾಲ್ಕೋ ಐದೋ ಮಾತು, ಅದೂ ಅಡ್ಡಾದಿಡ್ಡಿ. ನೀರು ಬೇಕಾದಾಗ ‘ಕಿಟಕಿ’ ಅನ್ನುತ್ತಾರೆ. ಕಿಟಕಿ ಬೇಕಾದರೆ ಏನನ್ನುತ್ತಾರೋ ಇನ್ನೂ ಗೊತ್ತಾಗಿಲ್ಲ. ಮಾತು ತಲೆಯೊಳಗೆ ಸರಿಯಾಗಿಯೇ ಇದೆಯಮ್ಮ, ಬಾಗಿಲು ತಪ್ಪಿ ಹೊರಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು.

ಅದಕ್ಕೇ ನಾನು ಬರೆಯಲು ಕೂತದ್ದು. ಇಷ್ಟು ವರ್ಷ ದಿನದ ಮಾತನ್ನೆಲ್ಲ ಇವರ ಕಿವಿಗೆ ಸುರಿದು ಹಗುರಾಗುತ್ತಿದ್ದೆ. ಈಗ ಸುರಿದರೆ ಅವರ ಕಣ್ಣು ತುಂಬುತ್ತದೆ, ಉತ್ತರ ಕೊಡಲಾಗುವುದಿಲ್ಲವಲ್ಲ ಎಂದು. ಊರ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ತಿದ್ದಿಸಿದ ಅಕ್ಷರ ಈಗ ಕೆಲಸಕ್ಕೆ ಬಂತು.

ಈ ಉಪವಾಸ ಯಾಕೆಂದು ದೇವರಿಗೆ ಗೊತ್ತು. ನಮ್ಮ ಮಗಳು ಗುಬ್ಬಿ, ಬೆಟ್ಟದ ಸೈಕಲ್ ಪಂದ್ಯಕ್ಕೆ ಹೋಗಬಾರದು. ನಮಗಿರುವವಳು ಅವಳೊಬ್ಬಳು. ಗಿರಣಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ಮತ್ತೆ ಸೈಕಲ್ ಹತ್ತಿ ಕತ್ತಲಾಗುವವರೆಗೆ ತುಳಿಯುತ್ತಾಳೆ. ತುಳಿಯಲಿ. ಸಪಾಟು ರಸ್ತೆ ಎಷ್ಟಿಲ್ಲ. ಬೆಟ್ಟವನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವ ಪಂದ್ಯವೇ ಆಗಬೇಕೇ? ಹೋದ ವರ್ಷ ಆ ಇಳಿಜಾರಿನಲ್ಲಿ ಒಬ್ಬನ ಮುಂದಿನ ಚಕ್ರ ಮಡಚಿಕೊಂಡಿತು. ಅವನು ಈಗಲೂ ಎರಡು ಕೋಲಿನ ಮೇಲೆ ನಡೆಯುತ್ತಾನೆ.

ಮಾರ್ಚ್ 6, ಗುರುವಾರ

ಗುಬ್ಬಿ ಇವತ್ತು ಅಟ್ಟ ಹತ್ತಿ ಹಳೆಯ ಎರಡು ಚಕ್ರ ಇಳಿಸಿದಳು. ತಲೆಗೂದಲೆಲ್ಲ ಜೇಡರ ಬಲೆ, ಮೂಗಿನ ಮೇಲೆ ಮಸಿ, ಮುಖದಲ್ಲಿ ಮಾತ್ರ ನಿಧಿ ಸಿಕ್ಕಿದವಳ ಕಳೆ.

“ಅಮ್ಮ, ಇದು ಅಪ್ಪ ಓಡಿಸ್ತಿದ್ದ ಚಕ್ರ. ಒಂದು ಮೊಳೆಗೆ ತೂಗ್ತಿತ್ತು, ಇನ್ನೊಂದು ಹಲಗೆ ಮೇಲೆ ಬಿದ್ಕೊಂಡಿತ್ತು. ಎತ್ತಿ ನೋಡು, ತೂಕವೇ ಇಲ್ಲ.”

“ನಾನ್ಯಾಕೆ ಎತ್ತಲಿ? ನೆಲ ಈಗಷ್ಟೇ ಒರೆಸಿದ್ದೀನಿ, ಅದನ್ನ ಗೋಡೆಗೆ ಒರಗಿಸು ಮೊದಲು.”

ಕೆಳಗೆ ಸೈಕಲ್ ಅಂಗಡಿ, ಮೇಲೆ ಮನೆ. ಆದರೂ ನಾನು ಅಂಗಡಿಯೊಳಗೆ ಕಾಲಿಟ್ಟವಳಲ್ಲ. ಗ್ರೀಸಿನ ಕೈ ಮೇಲೆ ಬರಬಾರದು, ದೀಪದ ಕೈ ಕೆಳಗೆ ಹೋಗಬಾರದು ಎಂದು ಮದುವೆಯಾದ ಹೊಸದರಲ್ಲೇ ನಮ್ಮಿಬ್ಬರಲ್ಲಿ ಮಾತಾಗಿತ್ತು. ಅಂಗಡಿಯ ಭಾಷೆ ಅಂಗಡಿಯಲ್ಲಿ, ಮನೆಯ ಭಾಷೆ ಮನೆಯಲ್ಲಿ. ಈಗ ಅಂಗಡಿ ನೋಡಿಕೊಳ್ಳುವುದು ಇವರ ತಮ್ಮ, ನನ್ನ ಮೈದುನ. ಅವನೂ ಈ ಕಟ್ಟಲೆ ಮೀರಿದವನಲ್ಲ, ಕೈ ತೊಳೆಯದೆ ಮೇಲೆ ಬರುವುದಿಲ್ಲ.

ಚಕ್ರದ ವಿಷಯ ಗುಬ್ಬಿಯೇ ಹೇಳಿದಳು. ಇವಕ್ಕೆ ಅಂಟುಚಕ್ರ ಅನ್ನುತ್ತಾರಂತೆ. ನಾವು ದಿನಾ ನೋಡುವ ಸೈಕಲ್ಲಿನ ರಿಮ್ಮಿಗೆ ಎರಡೂ ಕಡೆ ಅಂಚು ಇರುತ್ತದೆ, ಟಯರು ಆ ಅಂಚಿಗೆ ಕಚ್ಚಿಕೊಂಡು ಕೂರುತ್ತದೆ. ಇದಕ್ಕೆ ಅಂಚಿಲ್ಲ, ಸುತ್ತಲೂ ಬರೀ ತಗ್ಗು. ಟಯರಿನೊಳಗೇ ಟ್ಯೂಬನ್ನು ಇಟ್ಟು ಹೊಲಿದುಬಿಟ್ಟಿರುತ್ತಾರೆ, ಹಾವಿನ ಹಾಗೆ ದುಂಡಗೆ. ಅದನ್ನು ಈ ತಗ್ಗಿಗೆ ಅಂಟು ಹಚ್ಚಿ ಕೂರಿಸಬೇಕು. ಹಗುರ, ಅದಕ್ಕೇ ಪಂದ್ಯದವರಿಗೆ ಪ್ರೀತಿ.

“ಅಂದ್ರೆ ನಿನ್ನ ಪ್ರಾಣ ಅಂಟಿನ ಮೇಲೆ” ಅಂದೆ.

“ಎಲ್ರದೂ ಯಾವುದೋ ಒಂದು ಅಂಟಿನ ಮೇಲೇ ಅಮ್ಮ” ಅಂದಳು. ಮಾತಿನಲ್ಲಿ ಅಪ್ಪನ ಮಗಳೇ.

ಮಾರ್ಚ್ 9, ಭಾನುವಾರ

ನಡುಮನೆ ಇವತ್ತು ಅಂಗಡಿಯಾಯಿತು. ನೆಲಕ್ಕೆ ಹಳೆ ಚಾದರ ಹಾಸಿ ಎರಡೂ ಚಕ್ರ ಇಟ್ಟರು. ಮೈದುನ ಬಂದ. ಎದುರು ಬದಿಯ ಗಡಿಯಾರ ರಿಪೇರಿ ಅಂಗಡಿಯ ಅಜ್ಜ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತಗೊಂಡು ಬಂದರು. ಇವರನ್ನು ದಿಂಬಿಗೆ ಒರಗಿಸಿ ಕೂರಿಸಿದೆವು.

ಪ್ರಶ್ನೆ ಇಷ್ಟೇ. ಇವು ರಸ್ತೆಯಲ್ಲಿ ಓಡಿಸುವ ಚಕ್ರವೋ, ದುಂಡಗಿನ ಪಂದ್ಯದ ಕಣದಲ್ಲಿ ಮಾತ್ರ ಓಡಿಸುವ ಚಕ್ರವೋ? ಕಣದ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲವಂತೆ, ಹಾಗಾಗಿ ಅದರ ರಿಮ್ಮಿನ ಮಗ್ಗುಲು ದುಂಡಗೆ, ನುಣ್ಣಗೆ ಇರುತ್ತದೆ. ಹಳ್ಳದಿಣ್ಣೆಯಲ್ಲಿ ಅದು ಬಾಳುವುದಿಲ್ಲ.

“ಇಲ್ಲಿ ನೋಡು ಚಿಕ್ಕಪ್ಪ, ಮಗ್ಗುಲು ಸಪಾಟು. ಬ್ರೇಕ್ ರಬ್ಬರು ತಿಕ್ಕಿದ ಗೆರೆ ಇದೆ. ಎರಡಕ್ಕೂ ಇದೆ. ಕಡ್ಡಿ ತೂತಿಗೆ ಸ್ಟೀಲಿನ ಉಂಗುರಾನೂ ಇದೆ. ರಸ್ತೆದೇ.”

“ಗುರುತು ಒಂದೇನಾ ನೋಡ್ರಿ ಅಜ್ಜ” ಅಂದ ಮೈದುನ.

ಗಡಿಯಾರದವರು ಬಹಳ ಹೊತ್ತು ಬಗ್ಗಿ ನೋಡಿದರು. “ಇದರ ಮೇಲೆ ಒಂದು ರೆಕ್ಕೆ. ಅದರ ಮೇಲೂ ಒಂದು ರೆಕ್ಕೆ. ಅಕ್ಷರ ಸವೆದುಹೋಗಿದೆ. ಒಂದೇ ಹಕ್ಕಿದು ಎರಡು ರೆಕ್ಕೆ ಅನ್ನೋಣ.”

ಮೈದುನ ಉಗುರಿನಿಂದ ತಟ್ಟಿದ. ಹಿಂದಿನ ಚಕ್ರ ಸಣ್ಣ ಗಂಟೆಯ ಹಾಗೆ ಟಿಣ್ ಅಂದಿತು. ಮುಂದಿನದು ಯಾರೋ ಬಾಗಿಲು ಬಡಿದ ಹಾಗೆ ಟಕ್ ಅಂದಿತು. “ಇದ್ಯಾಕೆ ಹಾಗೆ?” ಅಂತ ನಾನೇ ಕೇಳಿದೆ. ಹಳೆಯ ಅಂಟು ದಪ್ಪ ಕೂತಿದೆ ಅತ್ತಿಗೆ, ಅದಕ್ಕೆ ದನಿ ಕಟ್ಟಿದೆ ಅಂದ. “ಅಣ್ಣ ಕಟ್ಟಿದ ಚಕ್ರ. ಅದನ್ನ ನಾನು ಪರೀಕ್ಷೆ ಮಾಡೋದಾ” ಎಂದು ನಕ್ಕ.

ಗುಬ್ಬಿ ಮುಂದಿನ ಚಕ್ರ ಎತ್ತಿ ಅಪ್ಪನ ತೊಡೆಯ ಮೇಲಿಟ್ಟಳು. ಇವರು ಎಡಗೈಯಿಂದ ಸವರಿದರು, ಒಂದೆರಡು ಸಲ ತಟ್ಟಿದರು. ಮುಖ ಬಿಗಿಯಾಯಿತು. ಬಾಯಿ ಎಲ್ಲೆಲ್ಲೋ ಹೋಗಿ ಬಂದು ಕೊನೆಗೆ ಮಾತು ಬಂತು.

“ಮಲಗು.”

“ಸುಸ್ತಾಯ್ತು ಅಂತ ಕಾಣುತ್ತೆ” ಎಂದು ದಿಂಬು ತೆಗೆದು ಮಲಗಿಸಲು ಹೋದೆವು. ಇವರು ಹಾಸಿಗೆಯನ್ನು ಗುದ್ದಿದರು. “ಮಲಗು, ಮಲಗು.” ಕಣ್ಣಲ್ಲಿ ನೀರು. ಮೈದುನ ಕಾಲು ಹಿಡಿದ, ನಾನು ಹೆಗಲು ಹಿಡಿದೆ, ಇಬ್ಬರೂ ಸೇರಿ ಮಲಗಿಸಿಯೇ ಬಿಟ್ಟೆವು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಚಕ್ರ ನೋಡಿ ಹಳೆಯದೆಲ್ಲ ನೆನಪಾಯಿತೇನೋ. ಪಾಪ.

ಮಾರ್ಚ್ 10, ಸೋಮವಾರ

ಉಪವಾಸ. ಮೆಟ್ಟಿಲು, ಬಚ್ಚಲು, ದೀಪ. ನಡುಮನೆ ಗುಡಿಸುವಾಗ ಗೋಡೆಯ ಬುಡದಲ್ಲಿ ಹಳದಿ ಹುಡಿ ಸಿಕ್ಕಿತು, ನುಣ್ಣಗೆ. ಮೇಲೆ ಮರದ ತೊಲೆಯಿದೆ. ಅಟ್ಟ ಅಲ್ಲಾಡಿಸಿದ್ದಕ್ಕೆ ಹುಳ ಎಚ್ಚರಾಗಿರಬೇಕು. ಮೈದುನನಿಗೆ ಹೇಳಿ ತೊಲೆಗೆ ಎಣ್ಣೆ ಹೊಡೆಸಬೇಕು.

ಇವರು ಬೆಳಗಿನಿಂದ ಮತ್ತೆ ಅದೇ. “ಮಲಗು.” ಮಲಗಿದ್ದವರೇ ಹಾಗನ್ನುತ್ತಾರೆ.

ಮಾರ್ಚ್ 13, ಗುರುವಾರ

ಮಾಡಬಾರದಿತ್ತು. ಮಾಡಿದೆ.

ಗುಬ್ಬಿ ಕೆಲಸದಿಂದ ಬಂದು ಊಟಕ್ಕೆ ಕೂತಿದ್ದಳು. ನಾನು ಮೊದಲೇ ಯೋಚಿಸಿಟ್ಟ ಹಾಗೆ ಹೇಳಿದೆ. “ಅಪ್ಪ ಮಲಗು ಅಂತಿರೋದು ನಿನಗೇ. ಸಾಕು ಕುಣಿದಿದ್ದು, ಮನೇಲಿ ಬಿದ್ದಿರು ಅಂತ. ಪಂದ್ಯಕ್ಕೆ ಹೋಗೋದು ಅವರಿಗೆ ಇಷ್ಟ ಇಲ್ಲ.”

ಅವಳು ತಟ್ಟೆ ಬಿಟ್ಟು ಎದ್ದಳು. ನೇರ ಹಾಸಿಗೆಯ ಹತ್ತಿರ ಹೋಗಿ ಕೂತಳು. “ಅಪ್ಪ, ನಾನು ಬೆಟ್ಟಕ್ಕೆ ಹೋಗ್ಬಾರ್ದಾ?”

ಇವರು ತಲೆ ಅಲ್ಲಾಡಿಸಿದರು. “ಇಲ್ಲ.” ಅವಳ ಕೆನ್ನೆ ಸವರಿದರು. ಹೋಗು ಎಂದು ಎಡಗೈ ಬೀಸಿದರು. ಆಮೇಲೆ ಮತ್ತೆ ಗೋಡೆಗೆ ಒರಗಿದ್ದ ಚಕ್ರದ ಕಡೆ ಕೈ ಮಾಡಿ, “ಮಲಗು.”

“ಆಯ್ತಪ್ಪ, ಮಲಗ್ತೀನಿ, ಚೆನ್ನಾಗಿ ನಿದ್ದೆ ಮಾಡಿಯೇ ಹೋಗ್ತೀನಿ” ಎಂದು ಅವಳು ಎದ್ದು ಬಂದು ನನ್ನ ಮುಂದೆ ನಿಂತಳು. ಕೂಗಾಡಲಿಲ್ಲ. “ಅಪ್ಪನಿಗೆ ಮಾತಿಲ್ಲ ಅಂತ ಅವರ ಬಾಯಲ್ಲಿ ನಿನ್ನ ಮಾತು ಇಡಬೇಡ ಅಮ್ಮ. ಇನ್ಮೇಲೆ ಅಪ್ಪ ಹೇಳಿದ್ರು ಅಂತ ನೀನು ಏನು ಹೇಳಿದ್ರೂ ನಾನು ನಂಬಲ್ಲ.”

ಊಟ ಹಾಗೇ ಉಳಿಯಿತು. ತಟ್ಟೆ ತೊಳೆದಿಟ್ಟೆ. ದೇವರೇ, ನಾನು ಸುಳ್ಳು ಹೇಳಿದ್ದು ನಿಜ. ಆದರೆ ಅವಳನ್ನು ತಡೆ.

ಮಾರ್ಚ್ 16, ಭಾನುವಾರ

ಮಗಳು ಮಾತಾಡಿ ಮೂರು ದಿನ. ಉಪ್ಪು ಬೇಕಾದರೂ ತಾನೇ ಎದ್ದು ತಗೊಳ್ಳುತ್ತಾಳೆ.

ಇವತ್ತು ಅಂಟು ಹಚ್ಚಿದರು. ಹಳೆಯ ಅಂಟನ್ನು ಮೈದುನ ಕೆರೆದು ತೆಗೆದ, ಒಣಗಿದ ಅಂಟು ಕಂದು ಬಣ್ಣಕ್ಕೆ ತಿರುಗಿ ಗಾಜಿನ ಚೂರಿನ ಹಾಗೆ ಎಗರಿತು. ತೆಳ್ಳಗೆ ಹೊಸದು ಬಳಿದು, ಒಣಗಲು ಬಿಟ್ಟು, ಮತ್ತೆ ಬಳಿದು, ಗಾಳಿ ಸ್ವಲ್ಪವೇ ತುಂಬಿದ ಟಯರನ್ನು ಎರಡೂ ಕೈಯಿಂದ ಎಳೆದೆಳೆದು ಕೂರಿಸಬೇಕು. ಗುಬ್ಬಿ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು. ಮೈದುನನನ್ನು ಕೆಳಗೆ ಗಿರಾಕಿ ಕರೆದ. ಅವಳು ನನ್ನ ಮುಖ ನೋಡಲಿಲ್ಲ, ಕರೆಯಲೂ ಇಲ್ಲ. ನಾನೇ ಹೋಗಿ ಆ ಕಡೆ ಹಿಡಿದೆ. ಬೆರಳಿಗೆಲ್ಲ ಅಂಟು. ಟಯರು ಒಂದೇ ಸಲಕ್ಕೆ ತಗ್ಗಿಗೆ ಬಿತ್ತು. ಬಿದ್ದಾಗ ನನಗೂ ಒಳಗೊಳಗೇ ಏನೋ ಹಿತವಾಯಿತು, ಯಾಕೋ ತಿಳಿಯದು.

“ಕೈ ಸೀಮೆಎಣ್ಣೇಲಿ ತೊಳಿ, ಸೋಪಿಗೆ ಹೋಗಲ್ಲ” ಅಂದಳು. ಮೂರು ದಿನಕ್ಕೆ ಅದೇ ಮೊದಲ ಮಾತು.

ಅಂಟಿನ ವಾಸನೆಗೆ ಇವರು ಕೆಮ್ಮುತ್ತಾರೆಂದು ಚಕ್ರಗಳನ್ನು ಅಡುಗೆಮನೆಗೆ ಸಾಗಿಸಿದೆವು. ಮುಂದಿನದು ಒಲೆಯ ಪಕ್ಕದ ಮೂಲೆಯಲ್ಲಿ, ಹಿಂದಿನದು ಬಾಗಿಲ ಹಿಂದೆ.

ಮಾರ್ಚ್ 17, ಸೋಮವಾರ

ಉಪವಾಸ ಎಂದು ಸಂಜೆ ನೆನಪಾಯಿತು. ಅಷ್ಟರಲ್ಲಿ ಒಂದು ತುಂಡು ರೊಟ್ಟಿ ತಿಂದಾಗಿತ್ತು. ಬೆಳಗ್ಗೆ ಮೈದುನ ಚಕ್ರದ ಬೆಂಡು ತೆಗೆಯುವುದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮುಂದಿನದರ ಕಡ್ಡಿ ನಿನ್ನೆ ಬಿಗಿ ಮಾಡಿದ್ದು ಇವತ್ತು ಸಡಿಲ. ಹೊಸ ಟಯರಿನ ಒತ್ತಡಕ್ಕೆ ಹಾಗಾಗುತ್ತದೆ ಅಂದ.

ಮಾರ್ಚ್ 19, ಬುಧವಾರ

ನಾಳೆ ಹೊರಡುತ್ತಾಳೆ. ಪಂದ್ಯ ಭಾನುವಾರ. ಮುಂಚೆಯೇ ಹೋಗಿ ದಾರಿ ನೋಡಿಕೊಳ್ಳಬೇಕಂತೆ. ಬೆಟ್ಟದ ಬುಡದ ಊರಿನ ಶಾಲೆಯಲ್ಲಿ ಸವಾರರಿಗೆಲ್ಲ ಇಳಿದುಕೊಳ್ಳಲು ಜಾಗ ಕೊಟ್ಟಿದ್ದಾರೆ. ಶಾಲೆಯ ಫೋನ್ ನಂಬರನ್ನು ಗಡಿಯಾರದವರಿಗೆ ಕೊಟ್ಟಿದ್ದಾಳೆ, ನಮ್ಮ ಬೀದಿಗೆ ಫೋನಿರುವುದು ಅವರಲ್ಲೇ.

ಅವಳು ಚೀಲ ತುಂಬುತ್ತಿದ್ದಾಗ ಇವರು ನನ್ನ ಕೈ ಹಿಡಿದು ಎಳೆದರು. ಅಡುಗೆಮನೆಯ ಕಡೆ ತೋರಿಸಿ ಮತ್ತೆ ಅದೇ ಮಾತು. ಮೈ ತಟ್ಟಿದೆ, ಹೊದಿಕೆ ಎಳೆದೆ. ನನ್ನನ್ನು ನೋಡಿದ ನೋಟ ಇದೆಯಲ್ಲ, ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿದವರಲ್ಲ. ಪೆದ್ದಿಯನ್ನು ನೋಡುವ ಹಾಗೆ.

ಮಾರ್ಚ್ 20, ಗುರುವಾರ

ಹೋದಳು. ಬಸ್ಸಿನ ತಲೆಯ ಮೇಲೆ ಸೈಕಲ್ ಕಟ್ಟಿಸಿದಳು. ನನಗೆ ಕೈ ಬೀಸಿದಳೋ, ಮೈದುನನಿಗೋ. ನನಗೇ ಎಂದು ಇಟ್ಟುಕೊಳ್ಳುತ್ತೇನೆ.

ಪ್ರಾರ್ಥನೆಗೆ ಕೂತರೆ ಮಾತು ಬರಲಿಲ್ಲ.

ಮಾರ್ಚ್ 21, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ.

ಬೆಳಗ್ಗೆ ಅಡುಗೆಮನೆ ಗುಡಿಸುತ್ತಿದ್ದೆ. ಇಷ್ಟು ದಿನ ಪೊರಕೆ ತಾಗದಿದ್ದ ಒಲೆಯ ಪಕ್ಕದ ಮೂಲೆಯಲ್ಲಿ ಹಳದಿ ಹುಡಿ. ನಡುಮನೆಯಲ್ಲಿ ಸಿಕ್ಕಿತ್ತಲ್ಲ, ಅದೇ. ತೊಲೆಯ ಹುಳ ಇಲ್ಲಿಗೂ ಬಂತೇ ಎಂದು ತಲೆಯೆತ್ತಿದೆ. ಅಡುಗೆಮನೆಗೆ ತೊಲೆಯೇ ಇಲ್ಲ, ಸಿಮೆಂಟಿನ ತಾರಸಿ. ಪೊರಕೆ ಹಿಡಿದು ಹಾಗೇ ನಿಂತೆ. ನಡುಮನೆಯಲ್ಲಿ ಹುಡಿ ಬಿದ್ದದ್ದು ಚಕ್ರ ಅಲ್ಲಿದ್ದಾಗ. ಚಕ್ರ ಅಡುಗೆಮನೆಗೆ ಬಂದ ಮೇಲೆ ಅಲ್ಲಿ ನಿಂತುಹೋಗಿತ್ತು. ಬಾಗಿಲ ಹಿಂದೆ, ಹಿಂದಿನ ಚಕ್ರವಿದ್ದ ಕಡೆ ಹೋಗಿ ನೋಡಿದೆ. ನೆಲ ಚೊಕ್ಕ. ಹುಡಿ ಇದ್ದದ್ದು ಮುಂದಿನ ಚಕ್ರ ಒರಗಿದ್ದ ಜಾಗದಲ್ಲಿ ಮಾತ್ರ. ಅದೂ ಚಕ್ರ ಹೋದ ಮೇಲೆ ಬಿದ್ದದ್ದಲ್ಲ, ಅದು ನಿಂತಿದ್ದ ಕಡೆ ಕಮಾನಿನ ಹಾಗೆ ಬಿದ್ದ ಗೆರೆ.

ಕಬ್ಬಿಣ ಹುಡಿಯಾದರೆ ಕೆಂಪಗಿರುತ್ತದೆ. ಇದು ಮರ.

ಅಂಗೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದೆ. ಅಂಗಡಿಯ ಹೊಸಿಲು ದಾಟಿದ್ದು ಒಳಗೆ ಹೋದ ಮೇಲೆ ಗೊತ್ತಾಯಿತು. ಮೈದುನ ಹಾಲಿನವನ ಸೈಕಲ್ ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ನನ್ನನ್ನು ನೋಡದೆ ಹಾಲಿನವನಿಗೆ ಹೇಳಿದ, “ಇದು ಮಲಗಿದೆ ಕಣಣ್ಣ. ಇನ್ನು ರಸ್ತೆಗೆ ಬೇಡ.”

“ಏನಂದೆ?” ಅಂದೆ.

ಬೆಚ್ಚಿಬಿದ್ದ. “ಅತ್ತಿಗೆ, ನೀವು ಇಲ್ಲಿ?”

“ಮೊದಲು ಅದೇನಂದೆ ಹೇಳು.”

“ರಿಮ್ಮು ಮಲಗಿದೆ ಅಂದೆ. ಗಿರಾಕಿ ಎದುರು ಸತ್ತಿದೆ, ಹೋಗಿದೆ ಅಂತೆಲ್ಲ ಅಪಶಕುನದ ಮಾತು ಆಡಬಾರದು ಅಂತ ಅಣ್ಣ ಶುರು ಮಾಡಿದ್ದು. ಕೆಟ್ಟದ್ದನ್ನ ಹಲಗೆ ಮೇಲೆ ಮಲಗಿಸ್ತೀವಿ, ಒಳ್ಳೇದನ್ನ ಮೊಳೆಗೆ ನಿಲ್ಲಿಸ್ತೀವಿ. ಅದು ಮಲಗಿದೆ, ಇದು ನಿಂತಿದೆ ಅಂತ...” ಅವನ ಕೈಯಿಂದ ಸ್ಪ್ಯಾನರು ಜಾರಿ ಕೆಳಗೆ ಬಿತ್ತು.

ದಿನಕ್ಕೆ ಹತ್ತು ಸಲ ಆಡುವ ಮಾತು. ಇಲ್ಲಿ ಆಡುತ್ತಾನೆ, ಮೇಲೆ ಬಂದು ಅಣ್ಣನ ಬಾಯಿಂದ ಅದನ್ನೇ ಕೇಳಿ ಕಾಲು ಹಿಡಿದು ಮಲಗಿಸುತ್ತಾನೆ. ಅಂಗಡಿಯ ಮಾತು ಮನೆಗೆ ಬರಬಾರದು ಎಂದು ಕಟ್ಟು ಮಾಡಿದ್ದು ಯಾರು? ಹಾಸಿಗೆಯ ಹತ್ತಿರ ನಿಂತವರಿಗೆ ಹಾಸಿಗೆಯೇ ಕಂಡಿತು.

ಅಂಗೈ ತೆರೆದು ತೋರಿಸಿದೆ. ಮೂಸಿ ನೋಡಿದ, ಬೆರಳಲ್ಲಿ ತಿಕ್ಕಿದ. ಹಿಂದಿನ ಕಾಲದಲ್ಲಿ ಕೆಲವು ರಿಮ್ಮುಗಳನ್ನು ತೆಳು ಅಲ್ಯೂಮಿನಿಯಂ ತಗಡಲ್ಲಿ ಮಾಡಿ, ಕಡ್ಡಿ ಗಟ್ಟಿ ಕೂರಲೆಂದು ಒಳಗೆ ಸುತ್ತಲೂ ಮರದ ಪಟ್ಟಿ ಇಡುತ್ತಿದ್ದರಂತೆ. ಅಣ್ಣ ಹೇಳಿದ್ದನ್ನು ಕೇಳಿದ್ದ, ಕಣ್ಣಿಂದ ನೋಡಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗಾಳಿ ಹೊಡೆಯುವ ತೂತಿನಲ್ಲಿ ಇಣುಕಿದ್ದರೆ ಮರ ಕಾಣುತ್ತಿತ್ತು, ಯಾರೂ ಇಣುಕಲಿಲ್ಲ. ಆಮೇಲೆ ಟಯರು ಕೂತು ಅದೂ ಮುಚ್ಚಿಹೋಯಿತು. “ಟಕ್ ಅಂದಿದ್ದು ಅಂಟಲ್ಲ ಅತ್ತಿಗೆ. ಒಳಗೆ ಹುಳ ತಿಂದಿದೆ. ಅದಕ್ಕೇ ಕಡ್ಡಿ ಬಿಗಿ ನಿಲ್ಲಲಿಲ್ಲ. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ...”

ಮೇಲೆ ಓಡಿದೆ. ಇವರ ಮುಖದ ಹತ್ತಿರ ಬಗ್ಗಿ, “ಚಕ್ರ ಮಲಗಿದೆ ಅಂತ ಹೇಳ್ತಿದ್ರಾ?” ಅಂದೆ. ಹೊದಿಕೆ ತಿರುವುತ್ತಿದ್ದ ಎಡಗೈ ನಿಂತಿತು. ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು.

ಗಡಿಯಾರದವರ ಅಂಗಡಿಯಿಂದ ಶಾಲೆಗೆ ಫೋನ್ ಮಾಡಿದೆ. ಕಾವಲುಗಾರ ಎತ್ತಿದ. ಸವಾರರೆಲ್ಲ ಬೆಟ್ಟ ಹತ್ತೋಕೆ ಹೋದರು ಅಂದ. ನನ್ನ ಮಗಳಿಗೆ ಇಳಿಯಬೇಡ ಅನ್ನು, ಚಕ್ರ ಸರಿಯಿಲ್ಲ ಅಂದೆ. “ನಿನ್ನೆಯಿಂದ ಇದು ನಾಲ್ಕನೇ ತಾಯಿ ಕಣಮ್ಮ. ಎಲ್ರೂ ಹೀಗೇ ಹೇಳ್ತಾರೆ. ಸಿಕ್ರೆ ಹೇಳ್ತೀನಿ” ಎಂದು ಇಟ್ಟುಬಿಟ್ಟ.

ಹೇಳಿದರೂ ನಂಬುತ್ತಾಳೆಯೇ? ನಂಬುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವಳು.

ಮಧ್ಯಾಹ್ನದ ಬಸ್ಸಿಗೆ ಮೈದುನನೇ ಹೋಗುವುದೆಂದಾಯಿತು. ಹೋಗಿ ಎಳೆದುಕೊಂಡು ಬರಲೇ ಎಂದು ಕೇಳಿದ. ಬೇಡ, ಬೇರೆ ಚಕ್ರ ಕೊಡು ಅಂದೆ. 

“ಅಂಗಡೀಲಿ ಇರೋದು ಅಂಚಿನ ರಿಮ್ಮು ಅತ್ತಿಗೆ, ಭಾರ. ಹತ್ತುವಾಗ ಹಿಂದೆ ಬೀಳ್ತಾಳೆ.”

“ಹಿಂದೆ ಬಿದ್ರೆ ಬೀಳಲಿ, ಕೆಳಗೆ ಬೀಳೋದು ಬೇಡ. ಅಳತೆ ಸರಿಹೋಗುತ್ತಾ?”

“ಹೋಗುತ್ತೆ. ಬ್ರೇಕ್ ಸ್ವಲ್ಪ ಅಗಲ ಮಾಡಿದ್ರಾಯ್ತು.”

ಮೊಳೆಯಿಂದ ಎರಡು ಚಕ್ರ ಇಳಿಸಿ ಮೇಲೆ ತಂದೆವು. ಒಂದನ್ನು ನಾನು ಹಿಡಿದುಕೊಂಡೆ, ಇವರು ಎಡಗೈಯಿಂದ ತಿರುಗಿಸಿದರು. ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದರು. ಎರಡನೆಯದು ಸದ್ದಿಲ್ಲದೆ ಸುತ್ತಿತು. ತಟ್ಟಿದರು, ಕಿವಿ ಕೊಟ್ಟರು. ಬಾಯಿ ಮತ್ತೆ ಹುಡುಕಾಡಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಕಾದೆ.

“ನಿಂ... ನಿಂತಿದೆ.”

ಮೈದುನ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಹುಡಿಯನ್ನು ಕಾಗದದಲ್ಲಿ ಮಡಚಿ ಅವನ ಜೇಬಿಗೆ ಹಾಕಿದೆ. “ಅಪ್ಪ ಹೇಳಿದ್ರು ಅಂತ ಹೇಳಬೇಡ, ಅಮ್ಮ ಹೇಳಿದಳು ಅನ್ನು. ಮುಂದಿನದು ಮಲಗಿದೆ, ಇದು ನಿಂತಿದೆ. ಇಷ್ಟೇ.” ಅಂಗಡಿಯ ಈ ಮಾತು ನನ್ನ ಬಾಯಲ್ಲಿ ಹುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು.

ಬಸ್ಸು ಹೋಯಿತು. ಅವಳು ಇವತ್ತೇ ಇಳಿದುಬಿಟ್ಟಿದ್ದರೆ?

ಮಾರ್ಚ್ 22, ಶನಿವಾರ

ಬೆಳಗ್ಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಪಂದ್ಯಕ್ಕೆಂದು ಶಾಲೆಗೆ ರಜೆ, ಕಚೇರಿಗೆ ಬೀಗ, ಒಳಗೆ ಅದು ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿರಬೇಕು. ಕೆಳಗೆ ಅಂಗಡಿ ತೆರೆದು ಬಾಗಿಲಲ್ಲಿ ಕೂತೆ, ಬಸ್ಸು ಅಲ್ಲಿಂದಲೇ ಕಾಣುವುದು. ಒಬ್ಬ ಬಂದು ಗಾಳಿ ಹೊಡೆದುಕೊಡಿ ಅಂದ. ಹೊಡೆದುಕೊಟ್ಟೆ.

ಊಟದ ಹೊತ್ತಿಗೆ ಮೈದುನ ಇಳಿದ. ಹೆಗಲಲ್ಲಿ ಹಳೆಯ ಮುಂದಿನ ಚಕ್ರ. ನಾನು ಕೇಳುವ ಮೊದಲೇ “ಚೆನ್ನಾಗಿದ್ದಾಳೆ” ಅಂದ. ಅವನ ಹೆಗಲಿನ ಚಕ್ರ ಇಳಿಸಿಕೊಂಡೆ.

ನಿನ್ನೆ ಎಲ್ಲರೂ ಬೆಟ್ಟ ಹತ್ತಿದ್ದರಂತೆ. ಇಳಿಯಬೇಕು ಅನ್ನುವಷ್ಟರಲ್ಲಿ ಮಂಜು ಕವಿದು, ಒಬ್ಬರಿಗೂ ಇಳಿಯಲು ಬಿಡದೆ ಲಾರಿಯಲ್ಲಿ ಕರೆತಂದರು. ಆ ಮಂಜು ಎಲ್ಲಿಂದ ಬಂತೆಂದು ನನ್ನನ್ನು ಕೇಳಿದರೆ ಹೇಳುತ್ತೇನೆ. ಯಾರೂ ಕೇಳಲಿಲ್ಲ.

ಮಲಗಿದೆ, ನಿಂತಿದೆ ಎಂದು ಇವನು ಹೇಳಿದಾಗ ಅವಳು, “ಅಮ್ಮ ಅಂಗಡಿಗೆ ಬಂದಿದ್ಲಾ?” ಎಂದು ಮಾತ್ರ ಕೇಳಿದಳಂತೆ. ಆಮೇಲೆ ತಾನೇ ಟಯರು ಸುಲಿದಳು. ತಗಡಿನೊಳಗಿಂದ ಮರ ಹಿಟ್ಟಿನ ಹಾಗೆ ಸುರಿಯಿತು. ಒಂದು ಕಡ್ಡಿ ಎಳೆದರೆ ಉಂಗುರದ ಸಮೇತ ಕೈಗೆ ಬಂತು. ಅದನ್ನೂ ತಂದಿದ್ದ, ತೋರಿಸಿದ.

“ಹೊಸದು ಕೂರಿಸಿದೆ ಅತ್ತಿಗೆ. ಈಗ ಹಿಂದಿಂದು ಸರಿಯಾಗಿದ್ಯಾ ಅಂತ ಕೇಳ್ತಾಳೆ. ನಾನು ನೋಡಿದೆ, ತಟ್ಟಿದೆ, ಸರಿಯಾಗಿದೆ ಅಂದೆ. ಮುಂದಿಂದನ್ನೂ ನೀನೇ ಸರಿಯಾಗಿದೆ ಅಂದಿದ್ದೆ ಚಿಕ್ಕಪ್ಪ ಅಂದ್ಲು.” ತಲೆ ಕೆರೆದುಕೊಂಡ. “ಅಮ್ಮನ್ನ ಕೇಳು ಅಂದ್ಲು. ಅಮ್ಮ ಮಲಗಿದೆ ಅಂದ್ರೆ ಸೈಕಲ್ ಹೊತ್ಕೊಂಡು ಮನೆಗೆ ಬರ್ತೀನಿ, ನಿಂತಿದೆ ಅಂದ್ರೆ ಓಡಿಸ್ತೀನಿ. ಅಮ್ಮನ ಮಾತು ಬರೋವರೆಗೆ ಹತ್ತಲ್ಲ ಅಂದಿದ್ದಾಳೆ. ಸಂಜೆ ಬಸ್ಸಿಗೆ ವಾಪಸ್ ಹೋಗ್ತೀನಿ, ಅಷ್ಟರಲ್ಲಿ ಉತ್ತರ ಕೊಡಿ.” ಅಷ್ಟು ಹೇಳಿ ಅಂಗಡಿಯ ಬೆಂಚಿನ ಮೇಲೆ ಉರುಳಿದವನು ಗೊರಕೆ ಹೊಡೆದ.

ಮೇಲೆ ಬಂದು ಇವರ ಪಕ್ಕ ಕೂತೆ. ಇಷ್ಟು ದಿನ ದೇವರಲ್ಲಿ ಕೇಳಿದ್ದು ಕೈಗೆ ಬಂದಿದೆ. ಒಂದೇ ಮಾತು. ಮಲಗಿದೆ ಅಂದರೆ ಸಾಕು, ನಾಳೆ ಬೆಟ್ಟವಿಲ್ಲ, ಇಳಿಜಾರಿಲ್ಲ, ಮಗಳು ಮನೆಯಲ್ಲಿ. ನಂಬುತ್ತಾಳೆ. ಈಗ ನಾನೇನು ಹೇಳಿದರೂ ನಂಬುತ್ತಾಳೆ.

“ಹಿಂದಿನ ಚಕ್ರ” ಅಂದೆ. “ಮೊಳೆಗೆ ತೂಗುಹಾಕಿದ್ರಲ್ಲ, ಅದು.”

ಇವರು ತಡವರಿಸಲಿಲ್ಲ. “ನಿಂತಿದೆ” ಅಂದರು, ಅಂಗಡಿಯ ಬಾಗಿಲಲ್ಲಿ ಗಿರಾಕಿಗೆ ಹೇಳಿದ ಹಾಗೆ.

ಕೇಳಿದವಳು ನಾನೊಬ್ಬಳೇ. ಮಾತು ಹೇಗೆ ಬಂತೋ ಹಾಗೇ ಕಳಿಸಬಹುದು, ಬೇರೆಯಾಗಿಯೂ ಕಳಿಸಬಹುದು. ಎದ್ದು ಅಡುಗೆಮನೆಗೆ ಹೋದೆ. ಬಾಗಿಲ ಹಿಂದಿನ ನೆಲದ ಮೇಲೆ ಬೆರಳಾಡಿಸಿದೆ. ಹುಡಿಯಿಲ್ಲ. ಅಂದು ತಟ್ಟಿದಾಗ ಗಂಟೆಯ ಹಾಗೆ ಅಂದಿದ್ದು ನೆನಪಿದೆ. ತಗಡು ಸುಳ್ಳು ಹೇಳಿಲ್ಲ, ಇವರು ಹೇಳಿಲ್ಲ. ಇನ್ನು ಉಳಿದವಳು ನಾನು.

ಕಾಗದದ ಚೂರಿನ ಮೇಲೆ ಬರೆದೆ. ‘ಹಿಂದಿನದು ನಿಂತಿದೆ. ಇಳಿಯುವಾಗ ಮುಂದಿನ ಬ್ರೇಕ್ ಒಂದನ್ನೇ ನೆಚ್ಚಬೇಡ. ಹೊಟ್ಟೆ ತುಂಬ ತಿಂದು ಹತ್ತು.’ 

ದೀಪ ಇನ್ನೂ ಹಚ್ಚಿಲ್ಲ. ಬೆರಳಿಗೆ ಗ್ರೀಸಿದೆ. ಹೀಗೇ ಹಚ್ಚುತ್ತೇನೆ.

ಬಸ್ಸಿನ ಹೊತ್ತಾಯಿತು. ಕೆಳಗಿನಿಂದ ಗೊರಕೆ ಇನ್ನೂ ಕೇಳುತ್ತಿದೆ. ಇಳಿದು ಎಬ್ಬಿಸೋಣವೆಂದರೆ ಇವರು ನನ್ನ ಕೈ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. “ಕಿಟಕಿ” ಅಂದರು. ನೀರಿನ ಲೋಟ ಎತ್ತಿದೆ. ತಲೆ ಅಲ್ಲಾಡಿಸಿದರು. ಕಿಟಕಿಯೇ ಬೇಕಾಗಿತ್ತು.

ಇನ್ನೊಂದು ಕೈಯಿಂದ ಅದನ್ನು ತೆರೆದು ಎದುರಿನ ಅಂಗಡಿಗೆ ಕೂಗಿದೆ.

“ಗಡಿಯಾರದವರೇ, ನನ್ನ ಮೈದುನ ಕೆಳಗೆ ಮಲಗಿದ್ದಾನೆ. ಬರೀ ನಿದ್ದೆ, ಬೇರೇನಲ್ಲ. ಸ್ವಲ್ಪ ಎಬ್ಬಿಸಿ ಮೇಲೆ ಕಳಿಸ್ರಪ್ಪ, ಉತ್ತರ ತಗೊಂಡು ಹೋಗಲಿ.”